ಗಂಗತ್ತಿ ತಿನ್ನದ ಉಂಡಿ

ಮೊನ್ನೆ ರವಿವಾರ ಧಾರವಾಡದ ತವರುಮನೆಗೆ ಕಾಲಿಟ್ಟಾಗ ಅಡಿಗೆಮನೆಯಿಂದ ಶೇಂಗಾ ಹುರಿಯುವ ವಾಸನೆ ಬರುತ್ತಿತ್ತು. ಪಡಸಾಲೆಯ ಮಂಚದ ಮೇಲೆ ನನ್ನ ಸೋದರತ್ತೆ ಗಂಗತ್ತಿ ತನ್ನ ಹೊಟ್ಟೆಗೆ ತಾನೇ ಇಂಜೆಕ್ಷನ್ ಚುಚ್ಚಿಕೊಳ್ಳುವ ತಯಾರಿಯಲ್ಲಿದ್ದಳು. ಬಲಗೈ ಬಾತು ಬೆರಳುಗಳೆಲ್ಲ ಒಂದೇ ಆಗಿದ್ದವು. ಬೆಳಗಿನಿಂದ ಕತ್ತರಿ ಹಿಡಿದು ಜಂಪರಿನ ಅರಿವೆ ಕತ್ತರಿಸಿದ್ದಳಂತೆ. ನಾನು ಸಿರಿಂಜಿಗೆ ಸೂಜಿ ಕೂಡಿಸಿ ಎಡಗೈಗೆ ಕೊಟ್ಟೆ. ಅಷ್ಟರಲ್ಲಿ ಒಳಗಿನಿಂದ ನಮ್ಮ ಅವ್ವನ ದನಿ ಬಂತು.

"ಇವತ್ತ ಏನ್ ತಿಂದಳಂತ ಅಕಿ?"

ನನಗೆ ಮೈಯೆಲ್ಲ ಉರಿಯಿತು. ನೀವೇ ಹೇಳಿ, ಕತ್ತರಿ ಹಿಡಿದ ಕೈ ಬಾತರೆ ವಿಚಾರಣೆ ಬಾಯಿಗೆ ಯಾಕೆ? ಆದರೆ ನಮ್ಮ ಮನೆಯಲ್ಲಿ 'ಏನು ತಿಂದಿ' ಅನ್ನುವುದು ಪ್ರಶ್ನೆಯಲ್ಲ. ತೀರ್ಪು ಮೊದಲೇ ಆಗಿರುತ್ತದೆ, ಆರೋಪಿ ಒಪ್ಪಿಕೊಳ್ಳುವುದಷ್ಟೇ ಬಾಕಿ. ಐವತ್ತು ವರ್ಷದಿಂದ ಈ ಮಾತು ಕೇಳುತ್ತಿದ್ದೇನೆ.

ಗಂಗತ್ತಿ ಹೆಣ್ಣುಮಕ್ಕಳ ಶಾಲೆಯಲ್ಲಿ ಹೊಲಿಗೆ ಕಲಿಸುತ್ತಿದ್ದಳು. ಮದುವೆಯಾಗಲಿಲ್ಲ, ನಮ್ಮ ಜೊತೆಗೇ ಇದ್ದಳು. ಎರಡು ಮೂರು ತಿಂಗಳಿಗೊಮ್ಮೆ ಕೈ, ಇಲ್ಲ ಕಾಲು, ಒಮ್ಮೊಮ್ಮೆ ಕಣ್ಣಿನ ರೆಪ್ಪೆ ಉಬ್ಬಿ, ಎರಡು ದಿನಕ್ಕೆ ತಾನಾಗಿ ಇಳಿಯುತ್ತಿತ್ತು. ಓಣಿಯ ಹಿರಿಯರೆಲ್ಲ ಸೇರಿ ಅದಕ್ಕೆ ಪಿತ್ತಗಂಧೆ ಅಂತ ಹೆಸರಿಟ್ಟರು. ಪಿತ್ತಗಂಧೆಗೆ ಒರಟು ಕಂಬಳಿಯಿಂದ ಮೈ ತಿಕ್ಕುವುದು ನಮ್ಮ ಕಡೆಯ ಔಷಧ. ತಿಕ್ಕಿದರು, ಚರ್ಮ ಕೆಂಪಾಗುವ ತನಕ ತಿಕ್ಕಿದರು.

"ತುರಸಂಗಿಲ್ರಿ, ಬರೇ ಬಿಗೀತೈತಿ," ಅಂತ ಗಂಗತ್ತಿ ಗೋಳಾಡುತ್ತಿದ್ದಳು.

ಪಿತ್ತಗಂಧೆ ತುರಿಸುತ್ತದೆ ಅನ್ನುವುದು ಮೂರು ವರ್ಷದ ಕೂಸಿಗೂ ಗೊತ್ತು. ಆದರೂ ಅವಳ ಮಾತನ್ನು ಒಬ್ಬರೂ ಕಿವಿಗೆ ಹಾಕಿಕೊಳ್ಳಲಿಲ್ಲ. ತಿಕ್ಕಿದಷ್ಟೂ ಬಾವು ಏರುತ್ತಿತ್ತು. "ನೋಡ್ರಿ, ಪಿತ್ತ ಹೊರಗ ಬರಾಕತ್ತೈತಿ," ಅಂತ ಕಂಬಳಿ ಹಿಡಿದವರು ಖುಷಿಪಡುತ್ತಿದ್ದರು. ನೆನೆಸಿಕೊಂಡರೆ ಇವತ್ತಿಗೂ ಆ ಕಂಬಳಿಯನ್ನು ಸುಡಬೇಕು ಅನಿಸುತ್ತದೆ.

ಆಮೇಲೆ ಪಥ್ಯ ಶುರುವಾಯಿತು. ಬದನೆಕಾಯಿ ಬಂದ್, ಶೇಂಗಾ ಬಂದ್. ಬೇರೆ ಊರಿನವರಿಗೆ ಇದು ಸಣ್ಣ ಶಿಕ್ಷೆ ಅನಿಸಬಹುದು. ಎಣ್ಣೆಗಾಯಿ, ಶೇಂಗಾಚಟ್ನಿ, ಶೇಂಗಾ ಹೋಳಿಗೆ ಇಲ್ಲದೆ ನಮ್ಮಲ್ಲಿ ಉಳಿಯುವುದು ಬರೀ ರೊಟ್ಟಿ ಮತ್ತು ನಿಟ್ಟುಸಿರು. ನಾನಂತೂ ಒಂದು ವಾರ ತಡೆಯಲಾರೆ. ಗಂಗತ್ತಿ ನಲವತ್ತು ವರ್ಷಕ್ಕಿಂತ ಹೆಚ್ಚು ತಡೆದಳು. ಹಾಗಿದ್ದೂ ಬಾವು ಬರುತ್ತಲೇ ಇತ್ತು. ಅಂದಮೇಲೆ ಕದ್ದು ತಿನ್ನುತ್ತಿರಬೇಕು ಅಂತ ಮನೆಮಂದಿ ಲೆಕ್ಕ ಹಾಕಿದರು.

ಇದರ ನಡುವೆ ನಮ್ಮ ಅಪ್ಪನಿಗೆ ಆಗಾಗ ಹೊಟ್ಟೆನೋವು ಬರುತ್ತಿತ್ತು. ಎರಡು ದಿನ ಮುದುಡಿ ಮಲಗುತ್ತಿದ್ದ, ವಾಂತಿ ಮಾಡುತ್ತಿದ್ದ. ಆಗ ರೇಡಿಯೋ ಬಂದ್, ಮಕ್ಕಳ ಮಾತು ಬಂದ್. "ಪಾಪ, ಭಾಳ ದಗದ ಆಗೈತಿ ಅವರಿಗೆ," ಅಂತ ಅವ್ವ ಮಜ್ಜಿಗೆ ಅನ್ನ ಕಲಸುತ್ತಿದ್ದಳು. ಅಪ್ಪ ಏನು ತಿಂದ ಅಂತ ಯಾರೂ ಕೇಳಲಿಲ್ಲ. ಅಣ್ಣನದು ದುಡಿಮೆಯ ದಣಿವು, ತಂಗಿಯದು ಬಾಯಿಚಪಲ! ಇದು ಯಾವ ನ್ಯಾಯ?

ಇನ್ನು ನನ್ನ ಸುದ್ದಿ. ನನಗೆ ಒಂಬತ್ತು ವರ್ಷ, ಪಂಚಮಿ ಹಬ್ಬ. ಮಧ್ಯಾಹ್ನ ಗಂಗತ್ತಿ ಜೋಕಾಲಿಯ ಹಗ್ಗ ಬಿಗಿಯಾಗಿ ಹಿಡಿದು ಎಲ್ಲರಿಗಿಂತ ಎತ್ತರ ಜೀಕಿದಳು. ಸಂಜೆಗೆ ಎರಡೂ ಅಂಗೈ ಬಾತವು. ಯಾರೂ ಹಗ್ಗದ ಕಡೆ ನೋಡಲಿಲ್ಲ, ಎಲ್ಲರೂ ಉಂಡಿಯ ಡಬ್ಬಿಯ ಕಡೆ ನೋಡಿದರು. ಎರಡು ಶೇಂಗಾ ಉಂಡಿ ಕಡಿಮೆ ಇದ್ದವು. ಬಂದ ಬೀಗರ ಮುಂದೆ ಅವ್ವ ನನ್ನನ್ನು ನಿಲ್ಲಿಸಿ ಕೇಳಿದಳು. "ಅತ್ತಿ ತಿಂದಳು," ಅಂದೆ.

ತಿಂದವಳು ನಾನು.

ಅವತ್ತಿನಿಂದ ಡಬ್ಬಿಗೆ ಕೀಲಿ ಬಿತ್ತು. ಮೂವತ್ತು ದಾಟಿದ, ನೂರು ಹುಡುಗಿಯರಿಗೆ ಪಾಠ ಹೇಳುವ ಹೆಂಗಸು, ಬೀಗರ ಬಾಯಲ್ಲಿ ಉಂಡಿಕಳ್ಳಿಯಾದಳು. "ಗಂಗವ್ವ ಬಂದಳು, ಡಬ್ಬಿ ಮುಚ್ಚಿಡ್ರಿ," ಅಂತ ಮದುವೆಮನೆಗಳಲ್ಲಿ ನಗುತ್ತಿದ್ದರು. ನಾನೂ ನಕ್ಕಿದ್ದೇನೆ.

ಮುಂದೆ ನನಗೂ ತುಟಿ, ಕೈ ಬಾಯತೊಡಗಿದವು. ವರ್ಷಗಟ್ಟಲೆ ಅಲರ್ಜಿ ಗುಳಿಗೆ ನುಂಗಿದೆ. ಮೂರು ವರ್ಷದ ಹಿಂದೆ ಹುಬ್ಬಳ್ಳಿಯ ಒಬ್ಬ ಡಾಕ್ಟರಮ್ಮ, "ತುರಿಕಿ ಇರತೈತೇನ್ರಿ?" ಅಂತ ಕೇಳಿದರು. ಗಂಗತ್ತಿ ಜೀವನವಿಡೀ ಹೇಳುತ್ತಿದ್ದ ಉತ್ತರಕ್ಕೆ ಕೊನೆಗೊಬ್ಬರು ಪ್ರಶ್ನೆ ಕೇಳಿದ್ದರು. ರಕ್ತಪರೀಕ್ಷೆಯಾಯಿತು. ಹೆರಿಡಿಟರಿ ಆಂಜಿಯೋಎಡಿಮಾ. ಹೆಸರು ಹೇಳಿ ಮುಗಿಸುವುದರಲ್ಲಿ ಬಾವು ಅರ್ಧ ಏರಿರುತ್ತದೆ. ವಂಶದಲ್ಲೇ ಹರಿದು ಹುಟ್ಟಿನಿಂದ ಬಂದದ್ದು, ಅಲರ್ಜಿಯಲ್ಲ, ಶೇಂಗಾಕ್ಕೂ ಬದನೆಕಾಯಿಗೂ ಸಂಬಂಧವಿಲ್ಲ. ಅಲರ್ಜಿಯ ಗುಳಿಗೆ ಇದಕ್ಕೆ ನಾಟುವುದಿಲ್ಲ. ಒತ್ತು ಬಿದ್ದಲ್ಲಿ, ತಿಕ್ಕಿದಲ್ಲಿ ಬಾಯಬಹುದು. ಒಳಗೆ ಕರುಳೂ ಬಾಯುತ್ತದೆ, ಅಪ್ಪನ ಹೊಟ್ಟೆನೋವೂ ಇದೇ ಇರಬೇಕು ಅಂದರು. ಈ ಇಂಜೆಕ್ಷನ್ ಹತ್ತಿರ ಇಟ್ಟುಕೊಂಡು ನೀವೇ ಹಾಕಿಕೊಳ್ಳಿ, ಆದರೆ ಗಂಟಲು ಬಿಗಿದರೆ ಹಾಕಿಕೊಂಡ ಮೇಲೂ ಕೂಡಲೇ ಆಸ್ಪತ್ರೆಗೆ ಬನ್ನಿ ಅಂತ ಕಲಿಸಿದರು. ಗಂಗತ್ತಿಯ ರಕ್ತದಲ್ಲೂ ಅದೇ ಸಿಕ್ಕಿತು. ಎಪ್ಪತ್ತು ದಾಟಿದವಳು ನನಗಿಂತ ಬೇಗ ಸೂಜಿ ಹಿಡಿಯಲು ಕಲಿತಳು.

ರಿಪೋರ್ಟನ್ನು ಅವ್ವನಿಗೆ ಓದಿ ಹೇಳಿದೆ. ಎಲ್ಲ ಕೇಳಿ ಅವ್ವ ಅಂದಳು, "ಬಾವು ಅದರಿಂದ ಬಂದಿರಲಿಕ್ಕಿಲ್ಲ ಬಿಡು. ಆದ್ರ ಅವತ್ತ ಉಂಡಿ ತಿಂದದ್ದಂತೂ ಖರೇ ಹೌದಲ್ಲ."

ಆಗಲೇ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಊರ ಮಂದಿಯ ಅನ್ಯಾಯದ ಮೇಲೆ ಸಿಟ್ಟಾಗುವುದು ನನಗೆ ಸಲೀಸಾಗಿತ್ತು.

ಮೊನ್ನೆ ಗಂಗತ್ತಿ ಹೊಟ್ಟೆಯ ಚರ್ಮ ಚಿವುಟಲಾರದೆ ನನ್ನ ಕಡೆ ನೋಡಿದಳು. ನಾನು ಹಿಡಿದೆ. ಎಡಗೈಯಿಂದ ಸೂಜಿ ಇಳಿಸಿ, ಉರಿಗೆ ಹಲ್ಲುಕಚ್ಚಿ, ಔಷಧವನ್ನು ನಿಧಾನಕ್ಕೆ ಒತ್ತಿದಳು. ಅವಳ ಮುಖ ನೋಡಲಾಗದೆ ಅವಳ ಕೈ ನೋಡುತ್ತ ಹೇಳಿಬಿಟ್ಟೆ.

"ಅತ್ತಿ, ಪಂಚಮಿ ಉಂಡಿ ನಾ ತಿಂದಿದ್ದೆ."

ಅವಳು ಸೂಜಿ ತೆಗೆದು ಹತ್ತಿ ಒತ್ತಿಕೊಂಡಳು. ತಲೆ ಸವರುತ್ತಾಳೆ, ಹೋಗಲಿ ಬಿಡು ಅನ್ನುತ್ತಾಳೆ ಅಂದುಕೊಂಡಿದ್ದೆ.

"ನನಗ್ಯಾಕ ಹೇಳತಿ? ನಾ ತಿಂದಿಲ್ಲಂತ ನನಗ ಗೊತ್ತಿಲ್ಲೇನ? ಒಳಗ ಹೋಗಿ ಹೇಳು."

ಅಡಿಗೆಮನೆಗೆ ಹೋದೆ. ಅವ್ವನ ಬೆನ್ನ ಹಿಂದೆ ನಿಂತು ತೊದಲಿದೆ, "ಅವ್ವಾ, ಅತ್ತಿ ಅವತ್ತ ಉಂಡಿ ತಿಂದಿರಲಿಲ್ಲ. ನಾ ತಿಂದು ಸುಳ್ಳು ಹೇಳಿದ್ದೆ."

ಅವ್ವ ಗ್ಯಾಸ್ ಬಂದ್ ಮಾಡಿದಳು. ಆಗ ಪಡಸಾಲೆಯಿಂದ ಗಂಗತ್ತಿ ಕೂಗಿದಳು.

"ಜೋರಾಗಿ ಹೇಳು. ನನಗೂ ಕೇಳಬೇಕು."

ನಾನು ಗಂಟಲೆತ್ತಿ ಮತ್ತೊಮ್ಮೆ ಹೇಳಿದೆ.