ಗಾಳಿಗುಡ್ಡದ ಬೆಂಕಿಯಲ್ಲಿ ಬನದಮ್ಮ ತೋರಿದ ದಾರಿ

ಬನದಮ್ಮನ ಒಕ್ಕಲಿನ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ,

ಹೋದ ವರ್ಷ ಶಿವರಾತ್ರಿ ಕಳೆದು ಯುಗಾದಿ ಇನ್ನೂ ಬಾರದ ಒಂದು ಭಾನುವಾರ ಗಾಳಿಗುಡ್ಡಕ್ಕೆ ಬೆಂಕಿ ಬಿತ್ತು. ಸುಟ್ಟ ಅಂಗಡಿಗಳನ್ನೂ ಕರಕಲಾದ ಗುಡ್ಡವನ್ನೂ ನೀವು ಟಿ.ವಿ.ಯಲ್ಲಿ ನೋಡಿದ್ದೀರಿ. ಆ ದಿನ ನಮ್ಮ ಮನೆಯವರಿಗೆ ಆದದ್ದು ಮಾತ್ರ ಯಾವ ಟಿ.ವಿ.ಯಲ್ಲೂ ಬರಲಿಲ್ಲ. ಅದನ್ನು ನಾನೇ ಬರೆಯಬೇಕು. ನನಗೆ ಬರೆದು ಅಭ್ಯಾಸವಿಲ್ಲ, ತಪ್ಪಿದ್ದರೆ ತಿದ್ದಿಕೊಂಡು ಓದಿ.

ನನ್ನ ಹೆಸರು ಲಲಿತಮ್ಮ. ತವರು ದಬ್ಬೇಘಟ್ಟದ ಹತ್ತಿರ, ತೆಂಗಿನ ತೋಟದ ಮನೆ. ಮದುವೆಯಾಗಿ ಬಂದದ್ದು ಗಾಳಿಗುಡ್ಡಕ್ಕೆ. ಚಿಕ್ಕನಾಯಕನಹಳ್ಳಿಯಲ್ಲಿ ಬಸ್ಸು ಹತ್ತಿದರೆ ತಿರುವುಗಳನ್ನೆಲ್ಲ ಸುತ್ತಿ ಗುಡ್ಡದ ನೆತ್ತಿಗೆ ತಂದು ಬಿಡುತ್ತದೆ. ಹೊತ್ತು ಮುಳುಗುವುದನ್ನು ನೋಡಲು ಎಲ್ಲೆಲ್ಲಿಂದಲೋ ಜನ ಬರತೊಡಗಿದ ಮೇಲೆ ಅಲ್ಲಿ ಲಾಡ್ಜು, ಹೋಂಸ್ಟೇ, ಐಸ್‌ಕ್ರೀಮ್ ಅಂಗಡಿ, ಬೊಂಬೆ ಅಂಗಡಿ ಎಲ್ಲ ಬಂದು ಒಂದು ಪೇಟೆಯೇ ಆಗಿಹೋಗಿತ್ತು. ನಮ್ಮದು ಬಸ್ ನಿಲ್ಲುವ ಜಾಗದಲ್ಲಿ ತಟ್ಟೆ ಇಡ್ಲಿ ಹೋಟೆಲು. ಅತ್ತೆ ಈರಮ್ಮನವರಿಗೆ ವಯಸ್ಸು ಎಂಬತ್ತರ ಹತ್ತಿರ. ಹೋಟೆಲಿನಲ್ಲಿ ಕೂತಿರಿ ಎಂದರೆ ಕೇಳುವವರಲ್ಲ. "ಕುಂತ್ರೆ ಮಂಡಿ ಹಿಡ್ಕಂತವೆ ಕಣಮ್ಮಿ" ಎಂದು, ಗುಡ್ಡದ ಆಚೆ ಕೊನೆಯಲ್ಲಿರುವ ವ್ಯೂ ಪಾಯಿಂಟಿಗೆ ದಿನಾ ಮಜ್ಜಿಗೆಯ ಗಡಿಗೆ ಹೊತ್ತು ನಡೆದುಬಿಡುತ್ತಿದ್ದರು. ಕಿವಿ ಮಂದ. ಹತ್ತಿರ ನಿಂತು ಕೂಗಿದರೆ ಮಾತ್ರ ಕೇಳಿಸುತ್ತಿತ್ತು.

ಅವತ್ತು ಮಧ್ಯಾಹ್ನ ಹೋಟೆಲಿನ ತುಂಬ ಜನ. ನಾನು ಒಲೆಯ ಮುಂದೆ ಇದ್ದೆ. ಹೊರಗಡೆ ಯಾರೋ "ಹೊಗೆ, ಹೊಗೆ" ಎಂದರು. ಬೇಸಿಗೆಯಲ್ಲಿ ಒಣಹುಲ್ಲಿಗೆ ಬೆಂಕಿ ಬೀಳುವುದು ನಮಗೆ ಹೊಸದೇನಲ್ಲ, ಹಸಿ ಸೊಪ್ಪು ಹಿಡಿದು ಬಡಿದು ಆರಿಸುತ್ತಾರೆ. ಹಾಗಂದುಕೊಂಡೇ ನಾನು ಮತ್ತೊಂದು ಒಬ್ಬೆ ಇಡ್ಲಿ ಇಟ್ಟೆ. ಅಷ್ಟರಲ್ಲಿ ಗಾಳಿ ತಿರುಗಿತು. ಕಣಿವೆಯ ಬಿದಿರು ಪಟಪಟ ಸಿಡಿಯುವ ಸದ್ದು ಕೇಳಿಸಿತು. ನೋಡುನೋಡುತ್ತಿದ್ದಂತೆ ಬೆಂಕಿ ಗುಡ್ಡ ಹತ್ತಿ ಬಂದು ಬೊಂಬೆ ಅಂಗಡಿಗಳ ಸಾಲಿಗೆ ಹಿಡಿಯಿತು. ಆ ಸಾಲಿನ ಆಚೆಗೇ ವ್ಯೂ ಪಾಯಿಂಟ್.

ನಮ್ಮ ಯಜಮಾನರು "ಅವ್ವಾ" ಎಂದು ಕಿರುಚಿಕೊಂಡು ಆ ಕಡೆ ಓಡಿದರು. ಅಂಗಡಿಗಳಲ್ಲಿದ್ದ ಸಿಲಿಂಡರ್‌ಗಳು ಒಂದೊಂದಾಗಿ ಸಿಡಿಯುತ್ತಿದ್ದವು. ಫಾರೆಸ್ಟಿನವರು ಇಬ್ಬರು ಅವರನ್ನು ಹಿಡಿದು ನೆಲಕ್ಕೆ ಒತ್ತಿಕೊಂಡರು. "ಬುಡ್ರೋ ನನ್ನ, ನಮ್ಮವ್ವ ಅಲ್ಲವ್ಳೆ" ಎಂದು ಅವರು ಒದ್ದಾಡುವುದನ್ನು ನಾನು ನೋಡಿದೆ. ನಿಂತಿದ್ದ ಬಸ್ಸು, ಟೆಂಪೊ, ಕಾರು, ಯಾವುದು ಸಿಕ್ಕಿತೋ ಅದಕ್ಕೆ ಎಲ್ಲರನ್ನೂ ತುಂಬಿದರು. ಕೊನೆಯ ಬಸ್ಸಿನಲ್ಲಿ ನಮ್ಮನ್ನೂ ಎತ್ತಿ ಹಾಕಿದರು. ಕಿಟಕಿಯ ಗಾಜು ಮುಟ್ಟಿದರೆ ಸುಡುತ್ತಿತ್ತು. ಡ್ರೈವರ್ ಲೈಟು ಹಾಕಿಕೊಂಡು, ಹಾರನ್ ಒತ್ತಿಕೊಂಡು, ಹೊಗೆಯೊಳಗೆ ಒಂದೊಂದೇ ತಿರುವು ಇಳಿಸಿದ. ಆ ಮಹಾನುಭಾವನ ಹೆಸರು ಇವತ್ತಿಗೂ ನನಗೆ ಗೊತ್ತಿಲ್ಲ.

ಚಿಕ್ಕನಾಯಕನಹಳ್ಳಿಯಲ್ಲಿ ಬಸ್ ಸ್ಟ್ಯಾಂಡಿನ ಪಕ್ಕದ ಸ್ಕೂಲಿನಲ್ಲಿ ನಮಗೆಲ್ಲ ಜಾಗ ಮಾಡಿದ್ದರು. ಊರಿನವರು ಅನ್ನ, ಸಾರು, ಹೊದಿಕೆ ತಂದುಕೊಟ್ಟರು. ಬಂದವರ ಹೆಸರು ಕೂಗುತ್ತಾ ಹೋದಂತೆ ಕಳೆದುಹೋದವರು ಒಬ್ಬೊಬ್ಬರೇ ಸಿಕ್ಕರು. ಗಂಡ ಹೆಂಡತಿಯನ್ನು ಕಂಡ, ತಾಯಿ ಮಗನನ್ನು ಕಂಡಳು. ಸಂಜೆಯ ಹೊತ್ತಿಗೆ ಕೂಗಿದರೂ ಓಗೊಡದವರು ಇಬ್ಬರೇ ಉಳಿದರು. ಒಬ್ಬರು ನಮ್ಮ ಅತ್ತೆ. ಇನ್ನೊಂದು ಹಾಸನದಿಂದ ಬಂದವರ ಮಗು, ಜೋಯಾ ಅಂತ, ಇನ್ನೂ ಸ್ಕೂಲಿಗೆ ಸೇರದ ಹೆಣ್ಣುಮಗು.

ಮಗುವಿನ ತಾಯಿ ನಸೀಮಾ ನನ್ನ ಪಕ್ಕದಲ್ಲೇ ಗೋಡೆಗೆ ಒರಗಿ ಕೂತಿದ್ದಳು. ಕಾರು ತರುತ್ತೇನೆಂದು ಗಂಡ ಹೋಗಿದ್ದಾನೆ, ಮಗುವನ್ನು ವ್ಯೂ ಪಾಯಿಂಟಿನಲ್ಲಿ ನಿಲ್ಲಿಸಿ ಕೈ ತೊಳೆಯಲೆಂದು ಇವಳು ನಲ್ಲಿಯ ಹತ್ತಿರ ಹೋಗಿದ್ದಾಳೆ, ಅಷ್ಟರಲ್ಲಿ ಜನ ನುಗ್ಗಿ ಓಡಿದ್ದಾರೆ. ಮಗುವನ್ನು ಹುಡುಕುತ್ತಾ ಬೆಂಕಿಗೆ ನುಗ್ಗಿದ ಗಂಡನ ಎರಡೂ ಕೈ ಬೆಂದು, ಅವನನ್ನು ತಾಲ್ಲೂಕು ಆಸ್ಪತ್ರೆಗೆ ಸೇರಿಸಿದ್ದರು. ಅವಳು ಅಳುತ್ತಿರಲಿಲ್ಲ. ದಾರಿಯಲ್ಲಿ ಬಿದ್ದು ಸಿಕ್ಕಿದ್ದ ಮಗುವಿನ ಒಂದು ಚಪ್ಪಲಿ ಮಡಿಲಲ್ಲಿ ಇಟ್ಟುಕೊಂಡು ಸುಮ್ಮನೆ ಕೂತಿದ್ದಳು. ಅನ್ನ ಕಲಸಿ ಬಾಯಿಗೆ ಹಿಡಿದೆ, ತಿನ್ನಲಿಲ್ಲ.

ಸ್ಕೂಲಿನ ಅಂಗಳದಿಂದ ಗುಡ್ಡ ಕಾಣುತ್ತಿತ್ತು. ಕತ್ತಲಾಗುತ್ತಾ ಬಂದಂತೆ ಅದರ ಮೈಮೇಲೆ ಕೆಂಪು ಗೆರೆಗಳು ಎದ್ದವು. ಅದನ್ನು ನೋಡಿ ಯಜಮಾನರು ಒಳಗೆ ಹೋಗಿ ಮುಖ ಮುಚ್ಚಿಕೊಂಡು ಮಲಗಿದರು. ನಾನು ಅಂಗಳದ ಮೂಲೆಯಲ್ಲಿ, ಹುಳಿಯಾರು ದಿಕ್ಕಿಗೆ, ನಮ್ಮ ಮನೆದೇವರು ಬನದಮ್ಮನ ಹಟ್ಟಿ ಇರುವ ದಿಕ್ಕಿಗೆ ತಿರುಗಿ ಕೈಮುಗಿದೆ.

"ಅಮ್ಮಾ, ನಮ್ಮತ್ತೇನ ಉಳಿಸಿಕೊಡು" ಎಂದೆ. ಎಷ್ಟು ಸಲ ಅಂದೆನೋ. ನಸೀಮಾ ಯಾವಾಗ ಬಂದು ಹಿಂದೆ ನಿಂತಿದ್ದಳೋ ತಿಳಿಯದು.

"ಅಕ್ಕಾ, ನಿಮ್ಮ ದೇವ್ರಿಗೆ ನಮ್ಮ ಜೋಯಾ ಹೆಸ್ರೂ ಹೇಳ್ತೀರಾ? ನಾನು ನಮ್ಮ ದೇವ್ರಲ್ಲಿ ಕೇಳ್ಕೊಂಡೆ. ನೀವೂ ಒಂದು ಮಾತು ಕೇಳಿ" ಎಂದಳು.

ಮತ್ತೆ ಆ ದಿಕ್ಕಿಗೆ ತಿರುಗಿದೆ. ಈ ಸಲ ನನ್ನ ಬಾಯಿಂದ ಬಂದ ಮಾತು ಬೇರೆ. "ಅಮ್ಮಾ, ಇಬ್ಬರನ್ನೂ ತಂದುಕೊಡು. ಇಬ್ಬರನ್ನೂ ತರೋಕೆ ಆಗೋದಿಲ್ಲ ಅನ್ನೋದಾದರೆ ಮೊದಲು ಮಗೂನ ತಾ." ಹಾಗೆಂದ ಮೇಲೆ ತಿಳಿಯಿತು, ಏನು ಕೇಳಿಬಿಟ್ಟೆನೆಂದು. ನನ್ನನ್ನು ಮಗಳಂತೆ ನೋಡಿಕೊಂಡ ಹೆಂಗಸನ್ನು ನಾನೇ ಬೆಂಕಿಗೆ ಬಿಟ್ಟುಕೊಟ್ಟ ಹಾಗಾಯಿತಲ್ಲ! ಆದರೆ ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲೂ ಮನಸ್ಸು ಬರಲಿಲ್ಲ. ಅಂಗಳದ ಮಣ್ಣಿನಲ್ಲೇ ಕೂತು ಅತ್ತುಬಿಟ್ಟೆ. ನಸೀಮಾ ಕೂಡ ಆಗ ಅತ್ತಳು. ಇಬ್ಬರೂ ಒಬ್ಬರ ಹೆಗಲ ಮೇಲೊಬ್ಬರು ತಲೆಯಿಟ್ಟು ಅತ್ತೆವು.

ಬೆಳಗಾಯಿತು. ನಸೀಮಾಳಿಗೆ ಒಂದು ಲೋಟ ಟೀ ಆದರೂ ಕುಡಿಸೋಣವೆಂದು ಬಸ್ ಸ್ಟ್ಯಾಂಡಿನ ಕಡೆ ಹೋದೆ. ಹುಳಿಯಾರು ಕಡೆಯಿಂದ ಮೊದಲನೇ ಬಸ್ಸು ಬಂದು ನಿಂತಿತ್ತು. ಅದರ ಬಾಗಿಲಲ್ಲಿ ಏನೋ ಜಗಳ. ಕಂಡಕ್ಟರ್ ಕೂಗಿ ಹೇಳುತ್ತಿದ್ದ, "ಆಧಾರ್ ಕಾರ್ಡ್ ತೋರ್ಸಿದ್ರೇನೇ ಅಜ್ಜಿ ಫ್ರೀ. ನಾನೇನು ಮಾಡ್ಲಿ?"

ಒಳಗಿಂದ ಇಡೀ ಸ್ಟ್ಯಾಂಡಿಗೆ ಕೇಳಿಸುವ ಹಾಗೆ ಉತ್ತರ ಬಂತು. "ಆಧಾರ್ ಕಾರ್ಡಾ? ಗುಡ್ಡದ ಮ್ಯಾಲೆ ಸುಟ್ಟೋಗದೆ ಕಣಪ್ಪ. ಓಗಿ ಬೂದಿ ತಂದು ತೋರುಸ್ಲಾ?"

ಕೊಂಡಿದ್ದ ಟೀ ಲೋಟವನ್ನು ಅಂಗಡಿಯ ಕಟ್ಟೆಯ ಮೇಲೇ ಬಿಟ್ಟು ಬಸ್ಸಿನ ಕಡೆ ತಿರುಗಿದೆ. ಆ ಗಂಟಲು ನನಗೆ ಗೊತ್ತಿಲ್ಲವೇ!

ಕಂಡಕ್ಟರ್ ನಗುತ್ತಾ, "ಇಳಿಯಜ್ಜಿ, ನಾನು ಕೇಳೋದೇ ಬಿಟ್ಟೆ" ಎಂದ. ಅತ್ತೆ ಇಳಿದರು. ಮೈಯೆಲ್ಲ ಮಸಿ, ಸೀರೆಯ ಸೆರಗು ಅರ್ಧ ಇಲ್ಲ, ಬರಿಗಾಲು. ಸೊಂಟದ ಮೇಲೆ ಒಂದು ಹೆಣ್ಣುಮಗು, ಕೈಯಲ್ಲಿ ಬಿಸ್ಕತ್ತು ಹಿಡಿದುಕೊಂಡು ಕಣ್ಣರಳಿಸಿ ನೋಡುತ್ತಿತ್ತು. ಅದರ ಒಂದು ಕಾಲಿನಲ್ಲಿ ಚಪ್ಪಲಿ ಇತ್ತು. ಇನ್ನೊಂದು ಕಾಲು ಬರಿದು.

ನಾನು ಓಡಿಹೋಗಿ ಅತ್ತೆಯ ಕಾಲಿಗೆ ಬಿದ್ದೆ. "ಏಳಮ್ಮಿ, ಜನ ನೋಡ್ತವ್ರೆ. ಈ ಕೂಸಿನ ಅವ್ವ ಎಲ್ಲವ್ಳೆ ಅಂತ ಮೊದ್ಲು ನೋಡು" ಎಂದು ನನ್ನನ್ನೇ ಗದರಿದರು.

ನಸೀಮಾ ಮಗುವನ್ನು ಎತ್ತಿಕೊಂಡಾಗ ಸ್ಕೂಲಿನಲ್ಲಿದ್ದ ಜನವೆಲ್ಲ ಎದ್ದು ನಿಂತರು. ಯಾರೋ ಶಿಳ್ಳೆ ಹೊಡೆದರು. ನಮ್ಮ ಯಜಮಾನರು, ಅಷ್ಟು ದೊಡ್ಡ ಗಂಡಸು, ಅವ್ವನ ಎರಡೂ ಕೆನ್ನೆ ಹಿಡಿದುಕೊಂಡು ಚಿಕ್ಕ ಮಗುವಿನಂತೆ ಗೋಳೋ ಎಂದರು. ಮಗುವಿನ ತಂದೆ ಸುದ್ದಿ ತಿಳಿದು, ಬ್ಯಾಂಡೇಜು ಸುತ್ತಿದ ಕೈಗಳನ್ನು ಮೇಲೆತ್ತಿಕೊಂಡು ಆಸ್ಪತ್ರೆಯಿಂದ ಆಟೋದಲ್ಲಿ ಬಂದುಬಿಟ್ಟ. ಹಿಂದೆಯೇ ಬೈಯುತ್ತಾ ಬಂದ ನರ್ಸಮ್ಮನೂ ಮಗುವನ್ನು ಕಂಡು ಅಳತೊಡಗಿದಳು.

ಅತ್ತೆಯನ್ನು ಕರೆದುಕೊಂಡು ಬಂದವರು ಬನದಮ್ಮನ ಹಟ್ಟಿಯ ಪೂಜಾರಪ್ಪನವರು. ನಡೆದದ್ದನ್ನು ಅತ್ತೆಯೂ ಅವರೂ ಸೇರಿ ಹೇಳಿದರು.

ಮಜ್ಜಿಗೆ ಕುಡಿಯಲು ಬಂದ ಮಗು ಅತ್ತೆಯ ಪಕ್ಕದಲ್ಲೇ ನಿಂತಿತ್ತಂತೆ. ಜನ ಓಡಿದ್ದು, ಕೂಗಿದ್ದು ಇವರಿಗೆ ಕೇಳಿಸಿಲ್ಲ. ತಿರುಗಿ ನೋಡುವ ಹೊತ್ತಿಗೆ ದಾರಿಯ ತುಂಬ ಬೆಂಕಿ. ಮುಂದೆ ಗುಡ್ಡದ ಕಡಿದಾದ ಇಳಿಜಾರು, ಆಳೆತ್ತರದ ಮುಳ್ಳುಪೊದೆ. ಮಜ್ಜಿಗೆಯಲ್ಲಿ ಸೆರಗು ನೆನೆಸಿ ಮಗುವಿನ ಮುಖಕ್ಕೆ ಸುತ್ತಿ, ಎದೆಗವಚಿಕೊಂಡು ಕಣ್ಣು ಮುಚ್ಚಿ ಕೂತರಂತೆ.

"ಆವಾಗ ಗಂಟೆ ಕೇಳುಸ್ತು ಕಣಮ್ಮಿ. ನೀನು ಕೂಗಿದ್ರೇ ನಂಗೆ ಕೇಳ್ಸಾಕಿಲ್ಲ, ಆ ಗಂಟೆ ಕಿವಿ ಒಳ್ಗೇ ಹೊಡ್ದಂಗೆ ಕೇಳುಸ್ತು. ಕಣ್ಬುಟ್ಟು ನೋಡಿದ್ರೆ ಪೊದೆ ಸಂದೀಲಿ ಕತ್ತಿಗೆ ಗಂಟೆ ಕಟ್ಟಿರೋ ಒಂದು ಟಗರು. ನನ್ನ ನೋಡ್ತು, ತಿರುಕ್ಕಂಡು ಇಳೀತು. ನಾನೂ ಇಳ್ದೆ."

"ಕುರಿ ನಮ್ಗೆ ಕಾಯ್ತಿತ್ತು" ಎಂದು ಮಗುವೂ ದನಿಗೂಡಿಸಿತು.

ಇವರು ನಿಂತರೆ ಅದು ನಿಂತಿದೆ, ಇವರು ನಡೆದರೆ ಅದು ನಡೆದಿದೆ. ಪೊದೆಯ ಬುಡದಲ್ಲಿ ನೀರು ಹರಿದು ಕೊರೆದ ಒಂದು ಓಣಿ ಇತ್ತಂತೆ. ಹೊಗೆಯೆಲ್ಲ ತಲೆಯ ಮೇಲೆ ಹಾದುಹೋಗುತ್ತಿತ್ತಂತೆ. ಕೂತು, ಜಾರಿ, ತೆವಳಿ, ಹೊತ್ತು ಮುಳುಗುವ ವೇಳೆಗೆ ಇಳಿದು ನಿಂತದ್ದು ಬನದಮ್ಮನ ಗುಡಿಯ ಹಿಂದೆ. ವರ್ಷಕ್ಕೊಮ್ಮೆ ಪೂಜೆಗೆ ನಾವು ಬಸ್ಸಿನಲ್ಲಿ ಬಳಸಿಕೊಂಡು ಹೋಗುವ ಜಾಗ ಅದು. ಗುಡ್ಡದಿಂದ ನೇರವಾಗಿ ಅಲ್ಲಿಗೆ ಇಳಿಯಬಹುದೆಂದು ನಮ್ಮ ಮನೆಯಲ್ಲಿ ಯಾರಿಗೂ, ಅತ್ತೆಗೂ, ಗೊತ್ತಿರಲಿಲ್ಲ.

ಪೂಜಾರಪ್ಪನವರು ಕೈಮುಗಿದುಕೊಂಡೇ ಹೇಳಿದರು. "ಅದು ಅಮ್ಮನಿಗೆ ಬಿಟ್ಟ ಟಗರು ಕಣ್ರಮ್ಮ. ಗುಡಿ ಬಿಟ್ಟು ಎಲ್ಲೂ ಹೋಗದ ಪ್ರಾಣಿ. ನೆನ್ನೆ ಬೆಳಿಗ್ಗೆ ಪೂಜೆ ಮಾಡೋವಾಗ ಕಾಣ್ಲಿಲ್ಲ. ಹೊತ್ತು ಮುಳುಗೋವಾಗ ಬಾಲ ಸುಟ್ಕಂಡು ಬಂತು, ಹಿಂದೇನೇ ಈ ಯಮ್ಮ ಬಂದ್ರು. ಸುದ್ದಿ ಮುಟ್ಸಾನ ಅಂದ್ರೆ ಗುಡ್ಡದ ಟವರು ಸುಟ್ಟೋಗಿ ಒಬ್ಬರ ಫೋನೂ ಹೋಗ್ಲಿಲ್ಲ. ಬೆಳಿಗ್ಗೆ ಮೊದ್ಲನೆ ಬಸ್ಸಿಗೇ ಬಂದ್ಬುಟ್ವಿ."

ಓದುವವರಲ್ಲಿ ಕೆಲವರು ಟಗರು ಬೆಂಕಿಗೆ ಹೆದರಿ ತನ್ನ ಪಾಡಿಗೆ ಓಡಿತು ಎನ್ನಬಹುದು. ಹೆದರಿದ ಪ್ರಾಣಿ ಮುದುಕಿಗಾಗಿ ನಿಂತು ನಿಂತು ನಡೆಯುತ್ತದೆಯೇ? ನನಗೆ ಗೊತ್ತಿರುವುದನ್ನು ನಾನು ಹೇಳಿದ್ದೇನೆ.

ಅತ್ತೆಗೆ ಸ್ನಾನ ಮಾಡಿಸುವಾಗ ಮನಸ್ಸು ತಡೆಯಲಾಗದೆ ನನ್ನ ಬೇಡಿಕೆಯ ವಿಷಯ ಕಿವಿಯ ಹತ್ತಿರ ಕೂಗಿ ಹೇಳಿದೆ. "ಅತ್ತೆ, ನಾನು ಮೊದಲು ಮಗೂನ ತಾ ಅಂತ ಕೇಳ್ಕಂಡ್ಬಿಟ್ಟೆ."

ಅತ್ತೆ ಬೆನ್ನು ತಿರುಗಿಸಿಕೊಂಡೇ ಕೂತಿದ್ದರು. "ಸರ್ಯಾಗೇ ಕೇಳ್ಕಂಡಿದೀಯ ಬುಡು. ನಾನೂ ಅದ್ನೇ ಕೇಳ್ಕಂಡಿದ್ದು" ಎಂದರು. ಆಮೇಲೆ, "ನೀರು ತಣ್ಣಗದೆ, ಇನ್ನೊಂದು ಚೊಂಬು ಬಿಸೀದು ಹಾಕು" ಎಂದರು.

ಮುಂದಿನ ದಿನಗಳು ಸುಲಭವಿರಲಿಲ್ಲ. ಗುಡ್ಡಕ್ಕೆ ಹೋಗಿ ನೋಡಿದರೆ ಪೇಟೆ ಇದ್ದ ಕಡೆ ಬೂದಿ. ನಮ್ಮ ಹೋಟೆಲಿನ ಕುರ್ಚಿಗಳು ಕರಗಿ ನೆಲಕ್ಕೆ ಅಂಟಿಕೊಂಡಿದ್ದವು. ಹಕ್ಕಿಯ ಸದ್ದು ಕೂಡ ಇರಲಿಲ್ಲ. ಅಂಗಡಿಯವರೆಲ್ಲ ಮಾಯಸಂದ್ರ, ಹಾಲ್ಕುರಿಕೆ, ತಿಪಟೂರು ಎಂದು ನೆಂಟರಿದ್ದ ಕಡೆ ಚದುರಿದರು. ನಾವು ನನ್ನ ಅಣ್ಣನ ಮನೆ ಸೇರಿದೆವು. ಇಡ್ಲಿ ಹಾಕುತ್ತಿದ್ದ ನಮ್ಮ ಯಜಮಾನರು ತೆಂಗಿನಕಾಯಿ ಸುಲಿಯುವುದನ್ನು ಕಲಿತರು. ಅಂಗೈ ತುಂಬ ಬೊಬ್ಬೆ ಬಂದರೂ ಬಿಡಲಿಲ್ಲ. ಗಾಳಿಗುಡ್ಡ ಮತ್ತೆ ಎದ್ದೀತೆಂದು ಅವರು ನಂಬಿರಲಿಲ್ಲ.

ಮಳೆ ಚೆನ್ನಾಗಿ ಬಂತು. ಸುಟ್ಟ ಬಿದಿರಿನ ಬುಡದಲ್ಲಿ ಮೊಳಕೆ ಎದ್ದಿದೆ ಎಂದು ಯಾರೋ ಫೋಟೋ ಕಳಿಸಿದರು. ಅದನ್ನು ನೋಡಿದ ಅಣ್ಣ ಎದ್ದು ತೋಟಕ್ಕೆ ಹೋದ. ಮಾರನೆಯ ದಿನ ಅಂಗಳಕ್ಕೆ ಟ್ರ್ಯಾಕ್ಟರ್ ತಂದು ನಿಲ್ಲಿಸಿದ. ತೆಂಗಿನ ಗರಿ, ಕಂಬಕ್ಕೆ ತೆಂಗಿನ ಬೊಡ್ಡೆ, ಕಟ್ಟಲು ಹುರಿ, ಎಲ್ಲವೂ ಅದರಲ್ಲಿತ್ತು. ಅಕ್ಕಪಕ್ಕದ ತೋಟದವರೂ ಕೊಟ್ಟರು. "ಶೀಟು ಆಮೇಕೆ ಹಾಕ್ಸನ. ಮೊದ್ಲು ಒಲೆ ಹಚ್ಚು ನಡೀ ಭಾವ" ಎಂದ. ಆ ವಾರವೆಲ್ಲ ಗುಡ್ಡದ ರಸ್ತೆಯಲ್ಲಿ ಗರಿ ಹೊತ್ತ ಟ್ರ್ಯಾಕ್ಟರ್‌ಗಳೇ. ಚದುರಿದವರೆಲ್ಲ ಮರಳಿದರು. ಹೆಂಗಸರು ಸಾಲಾಗಿ ಕೂತು ಗರಿ ಹೆಣೆದೆವು, ಗಂಡಸರು ಕಂಬ ನೆಟ್ಟರು. ಐಸ್‌ಕ್ರೀಮ್ ಅಂಗಡಿಯವನು ಹೆಣೆದ ತಡಿಕೆಯನ್ನು ತಲೆಕೆಳಗಾಗಿ ಕಟ್ಟಿ ಎಲ್ಲರಿಂದ ಬೈಸಿಕೊಂಡ.

ಹೋಟೆಲ್ ತೆರೆದ ದಿನ ಹಾಸನದಿಂದ ನಸೀಮಾ, ಅವಳ ಗಂಡ, ಜೋಯಾ, ಅವರ ಬೀದಿಯ ಜನ ಒಂದು ವ್ಯಾನ್ ತುಂಬ ಬಂದಿಳಿದರು. ಮಗುವಿನ ತಂದೆಯ ಕೈ ವಾಸಿಯಾಗಿತ್ತು. ಆ ಕೈಯಲ್ಲೇ ಅತ್ತೆಗೆ ಹೊಸ ಸೀರೆ ಕೊಟ್ಟ. ಜೋಯಾ ಅತ್ತೆಯ ತೊಡೆಯೇರಿ ಕೂತು ಎರಡು ತಟ್ಟೆ ಇಡ್ಲಿ ತಿಂದಳು. ಅಲ್ಲಿಂದ ಎಲ್ಲರೂ ಬನದಮ್ಮನ ಹಟ್ಟಿಗೆ ಹೋದೆವು. ಹರಕೆ ಹೊತ್ತಿದ್ದರೆ ತೀರಿಸಬಹುದಿತ್ತು. ನಾನು ಅವತ್ತು ಏನನ್ನೂ ಕೊಡುತ್ತೇನೆ ಎಂದಿರಲಿಲ್ಲ, ಬರೀ ಕೇಳಿದ್ದೆ. ಅದಕ್ಕೇ ಹಟ್ಟಿಯವರಿಗೆಲ್ಲ ಪಾಯಸದ ಊಟ ಹಾಕಿದೆವು. ನಸೀಮಾ ನನ್ನ ಜೊತೆ ಬಡಿಸಿದಳು.

ಬಂಧುಗಳೇ, ಮೊದಲೂ ನಾನು ಬನದಮ್ಮನಿಗೆ ಕೈಮುಗಿಯುತ್ತಿದ್ದೆ, ರೂಢಿ ಅಂತ. ಈಗ ಅವಳ ಮುಂದೆ ನಿಂತರೆ ಕೇಳುವುದಕ್ಕೆ ಏನೂ ನೆನಪಾಗುವುದಿಲ್ಲ, ಸುಮ್ಮನೆ ನಗು ಬರುತ್ತದೆ. ಮೊನ್ನೆ ಪೂಜಾರಪ್ಪನವರು ಕೇಳಿಯೇಬಿಟ್ಟರು, "ಯಾಕಮ್ಮ ನಗ್ತೀರ?"

"ಅಮ್ಮನೂ ನಗ್ತಾವಳೆ, ನೋಡಿ" ಎಂದೆ.

ಅವರು ತಿರುಗಿ ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಅವರೂ ನಕ್ಕರು.