ಸೋತವರಿಗೆ ಕೊಡುತ್ತಿದ್ದ ಡಬ್ಬಿ

ಕುಸುಮಾವತಿ ಔರಂಗಾಬಾದಿನ (ಇಂದಿನ ಛತ್ರಪತಿ ಸಂಭಾಜಿನಗರದ) ಚಿಕಲಠಾಣಾದ ನಮ್ಮ ಬ್ಯಾಂಕ್ ಶಾಖೆಯಲ್ಲಿ ಕ್ಯಾಶಿಯರ್ ಆಗಿದ್ದರು. ಉಡುಪಿಯ ಕಾಲೇಜಿನಲ್ಲಿ ಬಾಸ್ಕೆಟ್‌ಬಾಲ್ ಕಲಿತವರು; ಶಾಖೆಯ ಯಾವ ಗಂಡಸಿಗಿಂತಲೂ ಎತ್ತರ, ತಂಡದಲ್ಲಿ ಬುಟ್ಟಿಯ ಕೆಳಗೆ ಆಡುವ ಸೆಂಟರ್. ಗಂಡ ಉಮಾನಾಥ ನಾಸಿಕದ ಪಂಚವಟಿಯಲ್ಲಿ ಸಸ್ಯಾಹಾರಿ ಹೋಟೆಲು ನಡೆಸುತ್ತಿದ್ದರು. ಶನಿವಾರ ಅರ್ಧ ದಿನದ ಕೆಲಸ ಮುಗಿದೊಡನೆ ಈಕೆ ಎಸ್‌ಟಿ ಬಸ್ಸು ಹಿಡಿಯುತ್ತಿದ್ದರು. ಯೇವಲಾದಲ್ಲಿ ಒಂದು ಚಹಾ, ಕತ್ತಲಾಗುವ ಹೊತ್ತಿಗೆ ಗಂಡನ ಮನೆ. ಭಾನುವಾರ ಅದೇ ದಾರಿಯಲ್ಲಿ ವಾಪಸ್. ನಾಸಿಕಕ್ಕೆ ವರ್ಗ ಕೊಡಿ ಎಂದು ವರ್ಷವರ್ಷವೂ ಅರ್ಜಿ ಹಾಕುತ್ತಿದ್ದರು. ಉತ್ತರ ಬರುತ್ತಿರಲಿಲ್ಲ.

ವರ್ಗ ಸಿಗುವ ದಾರಿ ಬೇರೆಯೇ ಇತ್ತು. ಪ್ರತಿ ಡಿಸೆಂಬರಿನಲ್ಲಿ ಶಾಖೆಗಳ ಮಹಿಳಾ ಬಾಸ್ಕೆಟ್‌ಬಾಲ್ ಪಂದ್ಯಾವಳಿ ನಡೆಯುತ್ತಿತ್ತು. ಗೆಲ್ಲುತ್ತಿದ್ದುದು ಪ್ರತಿ ಸಲವೂ ನಾಸಿಕ. ಫೈನಲ್ ಮುಗಿದ ಮೇಲೆ ಸೋತ ತಂಡದ ಅತ್ಯುತ್ತಮ ಆಟಗಾರ್ತಿಗೆ ಒಂದು ಸ್ಟೀಲಿನ ಊಟದ ಡಬ್ಬಿ ಕೊಡುತ್ತಿದ್ದರು. ಡಬ್ಬಿ ತೆಗೆದುಕೊಂಡವಳಿಗೆ ಮಾರ್ಚಿನೊಳಗೆ ನಾಸಿಕಕ್ಕೆ ವರ್ಗ, ಮುಂದಿನ ಡಿಸೆಂಬರಿಗೆ ನಾಸಿಕದ ಅಂಗಿ. ಇದು ಎಲ್ಲರಿಗೂ ಗೊತ್ತಿತ್ತು, ಯಾರೂ ತಪ್ಪೆನ್ನುತ್ತಿರಲಿಲ್ಲ. ಹಿಂದಿನ ವರ್ಷ ನಮ್ಮ ಪ್ರೇಮಾಬಾಯಿ ಹಾಗೆಯೇ ಹೋಗಿದ್ದರು. ಆಮೇಲೆ ಔರಂಗಾಬಾದ್ ತಂಡಕ್ಕೆ ಉಳಿದದ್ದು ಆಟಕ್ಕೆ ಬೇಕಾದಷ್ಟೇ, ಸರಿಯಾಗಿ ಐದು ಜನ.

೧೯೯೨ರಲ್ಲಿ ಬಾರ್ಸಿಲೋನಾ ಒಲಿಂಪಿಕ್ಸ್. ನಿಯಮ ಬದಲಾಗಿ ಅಮೆರಿಕ ಮೊದಲ ಬಾರಿಗೆ ತನ್ನ ವೃತ್ತಿಪರ ಆಟಗಾರರನ್ನು ಇಳಿಸಿತ್ತು. ಅಂಗೋಲಾ ವಿರುದ್ಧ ೧೧೬–೪೮. ಕ್ಯಾಂಟೀನಿನ ಟಿವಿಯಲ್ಲಿ ತುಣುಕು ನೋಡಿ ನಾವೆಲ್ಲ ಚಪ್ಪಾಳೆ ತಟ್ಟಿದೆವು. ಎದುರಾಳಿಗಳೇ ಅಮೆರಿಕದವರ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳುತ್ತಾರಂತೆ ಎಂದು ಯಾರೋ ಪೇಪರಿನಲ್ಲಿ ಓದಿದ್ದನ್ನು ಹೇಳಿದರು. ಕುಸುಮಾವತಿ ಚಹಾದ ಲೋಟ ಕುಕ್ಕಿ ಎದ್ದುಹೋದರು. ಗೆದ್ದವರ ಮೇಲೆ ಅವರಿಗೆ ಸಿಟ್ಟಿರಲಿಲ್ಲ. ಸೋಲುವುದಕ್ಕೆ ಸಾಲು ನಿಂತವರ ಮೇಲಿತ್ತು.

ಡಿಸೆಂಬರಿನಲ್ಲಿ ಫೈನಲ್ ಅದೇ ಎರಡು ತಂಡಗಳ ನಡುವೆ, ನಾಸಿಕದಲ್ಲಿ. ನಮ್ಮ ತಂಡದ ಅಲಕಾ ಕ್ಯಾಮೆರಾ ತಂದಿದ್ದಳು. ಆಟಕ್ಕೆ ಮೊದಲೇ ನಾಸಿಕದವರ ನಡುವೆ ನಿಂತು ನಗುತ್ತಿದ್ದವಳನ್ನು ಕುಸುಮಾವತಿ ರಟ್ಟೆ ಹಿಡಿದು ಎಳೆದು ತಂದರು.

"ಆಡ್ಲಿಕ್ಕೆ ಬಂದದ್ದಾ, ಮದುವೆಗೆ ಬಂದದ್ದಾ ನೀನು?"

ಅಂದು ಅವರು ಆಡಿದ್ದು ಆಟವಲ್ಲ, ಜಗಳ. ಮಂಡಿ ತರಚಿತು, ಉಸಿರು ಸಿಕ್ಕಿಕೊಂಡಿತು. ವಿರಾಮದವರೆಗೆ ನಾವು ಸಮಸಮವಾಗಿದ್ದೆವು. ಆಮೇಲೆ ನಾಸಿಕ ಐವರನ್ನೂ ಬದಲಿಸಿ ದಣಿಯದ ಕಾಲುಗಳನ್ನು ಇಳಿಸಿತು. ನಮ್ಮಲ್ಲಿ ಬದಲಿಸಲು ಯಾರಿದ್ದರು? ೫೮–೩೧.

ಬಹುಮಾನ ಕೊಡಲು ನಿಂತವರು ನಾಸಿಕದ ಕ್ರೀಡಾ ಕಾರ್ಯದರ್ಶಿ ಮನ್ಮಥಪ್ಪ, ಬೀದರಿನವರು, ನಗುಮುಖದವರು. ಡಬ್ಬಿಗೆ ಕುಸುಮಾವತಿಯ ಹೆಸರು ಕೂಗಿದರು. ಮುಂದಿನ ಸಾಲಿನಲ್ಲಿ ಕುಳಿತಿದ್ದ ಉಮಾನಾಥರ ಮುಖ ಅರಳಿತು. ಕುಸುಮಾವತಿ ವೇದಿಕೆ ಹತ್ತಿದರು, ಕೈ ಚಾಚಲಿಲ್ಲ. ಇದನ್ನು ತೆಗೆದುಕೊಂಡರೆ ಬರುವ ವರ್ಷ ಔರಂಗಾಬಾದಿಗೆ ಆಡುವವರು ಯಾರು ಎಂದು ಕೇಳಿದರು.

"ಅಮೆರಿಕಾದವ್ರನ್ನ ನೋಡಿರಿಲ್ಲ? ಛಲೋ ಇದ್ದವ್ರು ಒಂದ ಕಡಿ ಕೂಡಿದ್ರನ ಮಜಾ," ಎಂದರು ಮನ್ಮಥಪ್ಪ. "ನಿಮಗ ಯಜಮಾನ್ರು ಸಿಕ್ರು, ನಮಗ ಸೆಂಟರ್ ಸಿಕ್ರು. ನುಕ್ಸಾನ ಯಾರಿಗದ ಬಾಯಾರ?"

"ಎಲ್ಲರೂ ನಿಮ್ಮ ಕಡೆಯೇ ಆದ ಮೇಲೆ ನೀವು ಆಡುವುದು ಯಾರ ಸಂಗಡ ಮಾರಾಯ್ರೆ, ಕನ್ನಡಿಯ ಸಂಗಡವಾ?"

ಡಬ್ಬಿ ಮನ್ಮಥಪ್ಪನವರ ಕೈಯಲ್ಲೇ ಉಳಿಯಿತು.

ಬಸ್ ನಿಲ್ದಾಣದವರೆಗೆ ಉಮಾನಾಥ ಜೊತೆಗೆ ಬಂದರು. ಬಸ್ಸು ಹೊರಡುವಾಗ ಕಿಟಕಿಯ ಸರಳು ಹಿಡಿದು ಹೇಳಿದರು: "ನಿನ್ನ ಸಿಟ್ಟು ಸರಿ ಕುಸುಮ. ಆದರೆ ಅದರ ಜೊತೆ ಒಬ್ಬನೇ ಉಣ್ಣುವುದು ನಾನು." ಆಕೆ ಯೇವಲಾದಲ್ಲಿ ಚಹಾಕ್ಕೂ ಇಳಿಯಲಿಲ್ಲ.

ಮರುವರ್ಷ ಔರಂಗಾಬಾದ್ ತಂಡ ಇತ್ತು. ಕುಸುಮಾವತಿ ಉಳಿದದ್ದರಿಂದಲೇ ಇತ್ತು. ಈ ಸಲವೂ ಸೋತಿತು. ಡಬ್ಬಿಗೆ ಅಲಕಾಳ ಹೆಸರು ಕೂಗಿದರು. ಅವಳು ಎರಡೂ ಕೈ ಚಾಚಿ ತೆಗೆದುಕೊಂಡಳು. ಮೈದಾನವೆಲ್ಲ ಚಪ್ಪಾಳೆ. ಕುಸುಮಾವತಿ ಕೈ ಕಟ್ಟಿಕೊಂಡೇ ನಿಂತಿದ್ದರು.

ಸೋಮವಾರ ಶಾಖೆಗೆ ಬಂದವರೇ, ಹೊಸದಾಗಿ ಸೇರಿದ್ದ ಜವಾನೆ ಮಲಕವ್ವಳನ್ನು ಕೌಂಟರಿನ ಪಕ್ಕ ನಿಲ್ಲಿಸಿ ಅಡಿಯಿಂದ ಮುಡಿಯವರೆಗೆ ನೋಡಿದರು. ಸಂಜೆ ಚಪ್ಪಲಿ ಬಿಟ್ಟು ಶೂ ಹಾಕಿಕೊಂಡು ಮೈದಾನಕ್ಕೆ ಬರಬೇಕೆಂದು, ಬೈಯುವ ದನಿಯಲ್ಲೇ, ಹೇಳಿದರು.