ಹೊಗೆ ಆಗದ ಮಿಷಿನ್ನು

ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ಅಕ್ಕಿ ಹುರಿಯುತ್ತಿದ್ದ ಆ ಅಮ್ಮನ ಬಾಯಲ್ಲಿ ಸದಾ ‘ಪಾಪ’. ಸೀದುಹೋದ ಮಂಡಕ್ಕಿಯೂ ಪಾಪ, ಬೀದಿನಾಯಿಯೂ ಪಾಪ, ಹೊಗೆ ಅಳೆಯಲು ಬಂದ ನಾನೂ ಪಾಪ. ಅವರು ದಿನಕ್ಕೆಷ್ಟು ಹೊಗೆ ಕುಡಿಯುತ್ತಾರೆಂದು ತಿಳಿಯಲು ಪುಟ್ಟ ಮಿಷಿನ್ನೊಂದನ್ನು ಅವರ ಕೊರಳಿಗೆ ಹಾಕಿ ಬಂದಿದ್ದೆ.

ವಾರ ಬಿಟ್ಟು ಅದರ ಅಂಕಿ ನೋಡಿದರೆ, ಅಂಥದ್ದೇ ಮಿಷಿನ್ ಹಾಕಿಕೊಂಡಿದ್ದ ಹೊಗೆಯಿಲ್ಲದ ವಿದ್ಯಾನಗರ ಬಡಾವಣೆಯ ಮೇಷ್ಟರ ಗಾಳಿಗಿಂತ ಈ ಭಟ್ಟಿಯಮ್ಮನ ಗಾಳಿಯೇ ಶುದ್ಧ! ಸಿಟ್ಟಿನಿಂದ ಮತ್ತೆ ಹೋಗಿ ಕೇಳಿದೆ. ಹೊರಗಿನ ಬೇವಿನ ಮರ ತೋರಿಸಿದರು. ವಾರವಿಡೀ ಮಿಷಿನ್ನು ಅದರ ನೆರಳಲ್ಲಿ ತೂಗಾಡಿತ್ತು.

“ಒಲೆ ಹತ್ರ ಹೋದ್ರೆ ಕುಂಯ್ ಕುಂಯ್ ಅಂತ ಅಳ್ತೈತ್ರಿ, ಪಾಪ. ಅದಕ್ಕೆ ಹೊಗೆ ಆಗಲ್ಲ.”

“ಮತ್ತೆ ನಿಮಗೆ?”

ಕೆಮ್ಮು ಮುಗಿಸಿ, ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕರು.

“ನಂಗೇನಾಗ್ತೈತ್ರಿ? ನಾನೇನು ಮಿಷಿನ್ನಾ, ಕೆಟ್ಟು ಹೋಗಾಕೆ?”